ಗುಮ್ಮನ ಚರಿತ್ರೆ: ಜಮಖಂಡಿ–ಮುಧೋಳ ಸೀಮೆಯನ್ನು ಮುಂದಿಟ್ಟುಕೊಂಡು ಶಿಶುವಾಙ್ಮಯದಲ್ಲಿಯ ಭಯ–ಹಾಸ್ಯಗಳ ವಿಚಾರ

೧

ಕನ್ನಡ ಸಾಹಿತ್ಯದ ಚರಿತ್ರೆಯನ್ನು ಬರೆದ ವಿದ್ವಾಂಸರು ಕಾವ್ಯ, ಪುರಾಣ, ವಚನ, ಕೀರ್ತನಗಳ ವಿಷಯದಲ್ಲಿ ಬಹಳ ಪರಿಶ್ರಮಪಟ್ಟಿರುವರು. ಕವಿಗಳ ಕಾಲದೇಶಗಳು ನಿರ್ಣಯವಾಗಿವೆ, ಶಾಸನಗಳು ಪ್ರಕಟವಾಗಿವೆ, ಗರತಿಯರ ಹಾಡುಗಳಿಗೂ ಲಾವಣಿಗಳಿಗೂ ತಕ್ಕ ಮನ್ನಣೆ ದೊರೆತಿದೆ. ಆದರೆ ಇವೆಲ್ಲಕ್ಕಿಂತ ಮೊದಲು ಪ್ರತಿಯೊಬ್ಬ ಕನ್ನಡಿಗನ ಕಿವಿಗೆ ಬೀಳುವ ವಾಙ್ಮಯವೊಂದುಂಟು. ಸಂಜೆಯ ದೀಪ ಹಚ್ಚಿದ ಮೇಲೆ, ಊಟಕ್ಕೂ ನಿದ್ರೆಗೂ ನಡುವೆ, ಅಜ್ಜಿಯಾದವಳು ಮೊಮ್ಮಗುವಿಗೆ ಹೇಳುವ ದೆವ್ವ, ಗುಮ್ಮ, ರಾಕ್ಷಸರ ಕಥೆಯೇ ಅದು. ಮಗುವು ಅದನ್ನು ಕೇಳುತ್ತ ಮೊದಲು ಹೆದರಿ ಸೆರಗನ್ನು ಹಿಡಿದುಕೊಳ್ಳುವುದು, ಮರುಕ್ಷಣದಲ್ಲಿಯೇ ನಗುವುದು, ಕಥೆ ಮುಗಿದ ಕೂಡಲೆ “ಇನ್ನೊಮ್ಮೆ ಹೇಳು” ಎಂದು ಪೀಡಿಸುವುದು. ಹೆದರಿದವನು ಹೆದರಿಕೆಯನ್ನೇ ಮತ್ತೆ ಬೇಡುವ ಈ ವಿಚಿತ್ರಕ್ಕೆ ಕಾರಣವೇನು? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವುದೂ, ಈ ಬಗೆಯ ಕಥೆಗಳ ಚರಿತ್ರೆಯಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ–ಬನಹಟ್ಟಿಗಳ ಸೀಮೆಗೆ ಸಲ್ಲುವ ಸ್ಥಾನವನ್ನು ತೋರಿಸುವುದೂ ಪ್ರಕೃತ ಲೇಖನದ ಉದ್ದೇಶವಾಗಿದೆ.

ವಿಷಯವು ಹುಡುಗಾಟಿಕೆಯದೆಂದು ಯಾರಾದರೂ ಭಾವಿಸಬಹುದು. ಆದರೆ ಅಲಂಕಾರಶಾಸ್ತ್ರದ ದೃಷ್ಟಿಯಿಂದಲೇ ಇಲ್ಲಿ ಒಂದು ತೊಡಕಿದೆ. ೧೪ನೆಯ ಶತಮಾನದ ವಿಶ್ವನಾಥನು ತನ್ನ ಸಾಹಿತ್ಯದರ್ಪಣದಲ್ಲಿ ರಸಗಳ ಪರಸ್ಪರ ವಿರೋಧವನ್ನು ಹೇಳುವಾಗ, ಹಾಸ್ಯಕ್ಕೆ ಭಯಾನಕವೂ ಕರುಣವೂ ವಿರೋಧಿಗಳೆಂದು ಎಣಿಸಿರುವನು. ಶಾಸ್ತ್ರದ ಪ್ರಕಾರ ಒಂದಿದ್ದಲ್ಲಿ ಇನ್ನೊಂದು ನಿಲ್ಲಕೂಡದು. ಅಕ್ಷರವನ್ನರಿಯದ ಅಜ್ಜಿಯಾದರೋ ಈ ಎರಡನ್ನೂ ಒಂದೇ ಬೋಗುಣಿಯಲ್ಲಿ ಕಲಸಿ ಮಗುವಿಗೆ ಉಣ್ಣಿಸುವಳು. ಶಾಸ್ತ್ರಕಾರನು ತಪ್ಪಿದನೋ, ಅಜ್ಜಿಯು ತಪ್ಪಿದಳೋ?

ಇದಕ್ಕೆ ಸಮಾಧಾನವು ೯ನೆಯ ಶತಮಾನದ ಆನಂದವರ್ಧನನಲ್ಲಿ ದೊರೆಯುವುದು. ಒಂದೇ ಆಶ್ರಯದಲ್ಲಿ ಇದ್ದರೆ ವಿರುದ್ಧವಾಗುವ ರಸಗಳನ್ನು ಬೇರೆ ಬೇರೆ ಆಶ್ರಯಗಳಲ್ಲಿ ಇರಿಸಿದರೆ ದೋಷವಿಲ್ಲವೆಂದು ಅವನು ಧ್ವನ್ಯಾಲೋಕದಲ್ಲಿ ಪ್ರತಿಪಾದಿಸಿದ್ದಾನೆ. ನಾಯಕನಲ್ಲಿ ವೀರವಿದ್ದು ಪ್ರತಿನಾಯಕನಲ್ಲಿ ಭಯವಿದ್ದರೆ ಎರಡೂ ಒಂದನ್ನೊಂದು ಪೋಷಿಸುವುವು. ನಮ್ಮ ಮಕ್ಕಳ ಕಥೆಗಳ ಗುಟ್ಟು ಇದೇ ಎಂದು ನಮಗೆ ತೋರುತ್ತದೆ. ಕಥೆಯ ಆರಂಭದಲ್ಲಿ ಭಯವು ಮಗುವಿನಲ್ಲಿರುವುದು. ಕಥೆ ನಡೆದಂತೆ ಆ ಭಯವು ಮಗುವನ್ನು ಬಿಟ್ಟು ದೆವ್ವವನ್ನೇ ಹೋಗಿ ಸೇರುವುದು. ದೆವ್ವವು ಹೆದರಿ ಓಡಿದಾಗ ಮಗುವಿನಲ್ಲಿ ನಗೆಯೊಂದೇ ಉಳಿಯುವುದು. ಭಯಕ್ಕೆ ಆಗುವ ಈ ಆಶ್ರಯಪಲ್ಲಟವನ್ನು ಮುಂದಿನ ಉದಾಹರಣೆಗಳಲ್ಲಿ ಪರೀಕ್ಷಿಸೋಣ.

೨

ಮೊದಲು ಸೀಮೆಯ ವಿಷಯವಾಗಿ ಎರಡು ಮಾತು. ಕೃಷ್ಣಾ ಘಟಪ್ರಭಾ ನದಿಗಳ ಆಶ್ರಯದಲ್ಲಿರುವ ಈ ಪ್ರದೇಶವು ಭಾಷೆಯಿಂದ ಒಂದಾಗಿದ್ದರೂ ಆಡಳಿತದಿಂದ ಬಹುಕಾಲ ಹರಿದುಹಂಚಿಹೋಗಿದ್ದಿತು. ಜಮಖಂಡಿಯಲ್ಲಿ ಪಟವರ್ಧನರೂ, ಮುಧೋಳದಲ್ಲಿ ಘೋರ್ಪಡೆಯವರೂ ಆಳಿದರು. ರಬಕವಿಯು ಪಟವರ್ಧನರ ಇನ್ನೊಂದು ಶಾಖೆಯಾದ ಸಾಂಗಲಿಯ ಸಂಸ್ಥಾನಕ್ಕೆ ಸೇರಿದ್ದಿತು. ಬೀಳಗಿಯು ಬ್ರಿಟಿಷರ ಕೈಕೆಳಗಿನ ಮುಲ್ಕಿನಲ್ಲಿದ್ದಿತು. ಸಂಸ್ಥಾನಗಳು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. ೧೯೫೬ರಲ್ಲಿ ಈ ಪ್ರದೇಶವೆಲ್ಲ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಯು ರಚಿತವಾದಾಗ ಇವು ಆ ಜಿಲ್ಲೆಯ ಭಾಗಗಳಾದುವು. ಸಂಸ್ಥಾನಗಳ ಕಾಲದಲ್ಲಿ ದರ್ಬಾರಿನ ಮಾತು ಮರಾಠಿ, ಮನೆಯ ಮಾತು ಕನ್ನಡ ಎಂಬ ಸ್ಥಿತಿಯಿದ್ದುದರಿಂದ, ಬರಹದಲ್ಲಿ ನಿಂತುದಕ್ಕಿಂತ ಬಾಯಲ್ಲಿ ಉಳಿದ ಕನ್ನಡವೇ ಇಲ್ಲಿ ಹೆಚ್ಚು. ಅಂಥ ಕನ್ನಡದ ಮುಖ್ಯ ಭಂಡಾರಗಳಲ್ಲಿ ಅಜ್ಜಿಯ ಕಥೆಯೂ ಒಂದು.

ಆದರೂ ಈ ಸೀಮೆಯು ಬರಹದ ಪರಂಪರೆಯಲ್ಲಿ ಬಡವಾದುದಲ್ಲ. ಕವಿಚಕ್ರವರ್ತಿ ರನ್ನನು ಹುಟ್ಟಿದುದು ಇಲ್ಲಿಯೇ. ತನ್ನ ಊರು ಮುದುವೊಳಲೆಂದೂ, ಅದು ಜಂಬುಖಂಡಿ ಎಪ್ಪತ್ತರಲ್ಲಿತ್ತೆಂದೂ ಅಜಿತಪುರಾಣದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಇವೇ ಇಂದಿನ ಮುಧೋಳ, ಜಮಖಂಡಿಗಳೆಂಬುದು ವಿದ್ವಾಂಸರಿಗೆಲ್ಲ ವಿದಿತವೇ ಇದೆ. ಬಳೆಗಾರರ ಮನೆಯಲ್ಲಿ ೯೪೯ರಲ್ಲಿ ಜನಿಸಿದ ಈ ಕವಿಯ ಗದಾಯುದ್ಧದಲ್ಲಿ ನಮ್ಮ ವಿಷಯಕ್ಕೆ ಸಂಬಂಧಪಟ್ಟ ಒಂದು ಸನ್ನಿವೇಶವಿರುವುದು.

ಕುರುಕ್ಷೇತ್ರದ ಯುದ್ಧವು ಮುಗಿಯುತ್ತ ಬಂದಿದೆ. ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ಕಾಲಿಡುತ್ತ ನಡೆದಿದ್ದಾನೆ. ರಣಭೂಮಿಯಲ್ಲೆಲ್ಲ ಮರುಳುಗಳು. ಇದಕ್ಕಿಂತ ಭಯಾನಕವಾದ ಸ್ಥಳವು ಬೇರೊಂದಿರಲಾರದು. ಆದರೆ ಅಲ್ಲಿಯ ಮರುಳು ಕುರುಪತಿಯನ್ನು ತಿನ್ನಲು ಬರುವುದಿಲ್ಲ. ಅವನನ್ನು ಹಾಸ್ಯಮಾಡಲು ಬರುತ್ತದೆ. ‘ಮರುಳ್’ ಎಂಬ ಹಳಗನ್ನಡದ ಪದಕ್ಕೆ ಪಿಶಾಚಿಯೆಂದೂ ಬುದ್ಧಿಗೆಟ್ಟವನೆಂದೂ ಎರಡರ್ಥಗಳಿರುವುವು. ಹೆಣದ ಬಳಿ ಸುಳಿಯುವ ತಾನು ಮರುಳೋ, ಕುಲವನ್ನೆಲ್ಲ ಕೊಲ್ಲಿಸಿ ಇನ್ನೂ ಛಲವನ್ನು ಬಿಡದ ಅರಸನು ಮರುಳೋ ಎಂಬ ಪ್ರಶ್ನೆಯನ್ನು ಕವಿಯು ಈ ಶ್ಲೇಷದ ಬೆನ್ನ ಮೇಲೆ ಏರಿಸಿದ್ದಾನೆ. ಪಿಶಾಚಿಯ ಬಾಯಿಂದ ವಿವೇಕವನ್ನು ಆಡಿಸಿ, ಚಕ್ರವರ್ತಿಯನ್ನು ನಗೆಗೀಡು ಮಾಡಿದುದು ರನ್ನನ ಪ್ರತಿಭೆ.

ತಮಿಳಿನಲ್ಲಿಯೂ ಇಂಥದೊಂದು ಮಾರ್ಗವುಂಟು. ಜಯಂಗೊಂಡಾರನ ಕಲಿಂಗತ್ತುಪ್ಪರಣಿಯಲ್ಲಿ ಹಸಿದ ಪಿಶಾಚಿಗಳು ರಣರಂಗದಲ್ಲಿ ಒಲೆಹೂಡಿ ಅಂಬಲಿ ಕಾಸಿ ಪಂಕ್ತಿಯಲ್ಲಿ ಕುಳಿತು ಉಣ್ಣುವ ವರ್ಣನೆಯು ಭೀಕರವಾದಷ್ಟೇ ಹಾಸ್ಯಾಸ್ಪದವಾಗಿದೆ. ರನ್ನನ ಮರುಳೇ ಮುಂದೆ ಅಜ್ಜಿಯ ಕಥೆಯ ದೆವ್ವವಾಯಿತೆಂದು ನಾವು ಹೇಳುವವರಲ್ಲ. ಅಂಥ ವಂಶವೃಕ್ಷವನ್ನು ಬರೆಯುವುದಕ್ಕೆ ಆಧಾರವಿಲ್ಲ. ನಾವು ಹೇಳುವುದು ಇಷ್ಟೇ: ಮಾತಾಡುವ, ಅಣಕಿಸುವ, ಮನುಷ್ಯನಿಗಿಂತ ಕೆಲವೊಮ್ಮೆ ಹೆಚ್ಚು ತಿಳಿವಳಿಕೆಯುಳ್ಳ ದೆವ್ವವು ಕನ್ನಡಿಗರ ಕಲ್ಪನೆಗೆ ಹೊಸದಲ್ಲ, ಸಾವಿರ ವರ್ಷಗಳ ಹಿಂದೆ ಇದೇ ಸೀಮೆಯ ಕವಿಯೊಬ್ಬನು ಅದನ್ನು ಮಹಾಕಾವ್ಯದೊಳಕ್ಕೆ ಬರಮಾಡಿಕೊಂಡಿದ್ದನು.

೩

ಇನ್ನು ಗುಮ್ಮನ ವಿಚಾರ. “ಸುಮ್ಮನಿರು, ಗುಮ್ಮ ಬಂದಾನು” ಎಂಬ ಮಾತನ್ನು ಕೇಳದ ಕನ್ನಡ ಮಗುವು ವಿರಳ. ಕಿಟ್ಟೆಲರು ೧೮೯೪ರ ತಮ್ಮ ನಿಘಂಟಿನಲ್ಲಿ ಮಕ್ಕಳನ್ನು ಹೆದರಿಸುವ ಈ ಕಲ್ಪಿತ ವ್ಯಕ್ತಿಗೆ ಸ್ಥಾನಕೊಟ್ಟಿರುವರು. ಕನ್ನಡದಲ್ಲಿಯೇ ಅವನಿಗೆ ಬೂಚಿ, ಗೊಗ್ಗಯ್ಯ ಮುಂತಾದ ದಾಯಾದಿಗಳುಂಟು. ತಮಿಳರ ಪೂಚ್ಚಾಂಡಿ, ತೆಲುಗರ ಬೂಚೋಡು, ಮರಾಠಿಗರ ಬಾಗುಲಬುವಾ ಇವರೆಲ್ಲ ಅವನ ನೆರೆಹೊರೆಯವರು. ಇವರಲ್ಲಿ ಯಾರಿಗೂ ನಿಶ್ಚಿತವಾದ ರೂಪವಿಲ್ಲವೆಂಬುದು ಗಮನಿಸತಕ್ಕ ಅಂಶ. ದೇವತೆಗಳಿಗೆ ಮೂರ್ತಿಶಿಲ್ಪವುಂಟು, ಧ್ಯಾನಶ್ಲೋಕವುಂಟು. ಗುಮ್ಮನಿಗೆ ಏನೂ ಇಲ್ಲ. ಅವನು ಹೆಸರೂ ಕತ್ತಲೆಯೂ ಸೇರಿ ಆದವನು. ಉಚ್ಚಾರದಲ್ಲಿಯೇ ಒಂದು ಮಂದ್ರಧ್ವನಿಯಿದೆ. ‘ಗು’ಕಾರವನ್ನು ಎಳೆದು ‘ಮ’ಕಾರದಲ್ಲಿ ತುಟಿಮುಚ್ಚಿದರೆ ಅರ್ಥದ ಅಗತ್ಯವೇ ಬೀಳುವುದಿಲ್ಲ.

ಈ ನಿರಾಕಾರ ಗುಮ್ಮನನ್ನು ಕನ್ನಡ ಸಾಹಿತ್ಯದಲ್ಲಿ ಚಿರಸ್ಥಾಯಿಗೊಳಿಸಿದವರು ೧೬ನೆಯ ಶತಮಾನದ ಪುರಂದರದಾಸರು. ಗುಮ್ಮನನ್ನು ಕರೆಯಬೇಡವೆಂದು ಬಾಲಕೃಷ್ಣನು ಯಶೋದೆಯನ್ನು ಬೇಡಿಕೊಳ್ಳುವ ಅವರ ಕೀರ್ತನೆಯು ಇಂದಿಗೂ ಮನೆಮನೆಗಳಲ್ಲಿ ಹಾಡಲ್ಪಡುತ್ತಿರುವುದು. ಹಟ ಮಾಡುವುದಿಲ್ಲ, ಮಣ್ಣು ತಿನ್ನುವುದಿಲ್ಲ, ಬೆಣ್ಣೆ ಬೇಡುವುದಿಲ್ಲ ಎಂದು ಮಗುವು ತನ್ನ ತಂಟೆಗಳ ಪಟ್ಟಿಯನ್ನು ತಾನೇ ಒಪ್ಪಿಸುವುದರಲ್ಲಿ ಹಾಸ್ಯವಿದೆ. ಆದರೆ ಅದಕ್ಕಿಂತ ಆಳವಾದ ಹಾಸ್ಯವು ಬೇರೊಂದು. ಪೂತನಿಯನ್ನು ಕೊಂದವನು, ಬಾಯೊಳಗೆ ಬ್ರಹ್ಮಾಂಡವನ್ನು ತೋರಿಸಿದವನು, ರೂಪವಿಲ್ಲದ ಒಂದು ಹೆಸರಿಗೆ ಹೆದರುವನೇ? ಹಾಡುವ ಹೆಂಗಸಿಗೂ ಕೇಳುವವರಿಗೂ ಇದು ತಿಳಿದಿದೆ. ತೊಡೆಯ ಮೇಲಿನ ಮಗುವಿಗೆ ಮಾತ್ರ, ಕೃಷ್ಣನಂಥವನೂ ನನ್ನ ಹಾಗೆಯೇ ಹೆದರುವನೆಂಬ ಸಮಾಧಾನ. ಒಂದೇ ಹಾಡು ಮಗುವಿಗೆ ಒಂದು ಅರ್ಥವನ್ನೂ ತಾಯಿಗೆ ಇನ್ನೊಂದನ್ನೂ ಕೊಡುವುದು.

ತಮಿಳಿನ ಪೆರಿಯಾಳ್ವಾರರು ಇದನ್ನೇ ತಿರುವುಮುರುವು ಮಾಡಿದ್ದಾರೆ. ಅವರ ಪಾಶುರಗಳಲ್ಲಿ ಕೃಷ್ಣನೇ ಅಪ್ಪೂಚ್ಚಿಯಾಗಿ, ಅಂದರೆ ಗುಮ್ಮನ ವೇಷದಿಂದ, ಇತರರನ್ನು ಹೆದರಿಸಲು ಬರುವನು. ಅಲ್ಲಿ ದೇವರೇ ಗುಮ್ಮ. ಇಲ್ಲಿ ದೇವರಿಗೇ ಗುಮ್ಮ. ಎರಡರಲ್ಲಿಯೂ ಭಯವು ತನ್ನ ಸ್ವಸ್ಥಾನದಲ್ಲಿ ನಿಲ್ಲದೆ ಅಲುಗಾಡುತ್ತಿದೆ ಎಂಬುದೇ ನಮಗೆ ಮುಖ್ಯ.

ಉತ್ತರ ಕರ್ನಾಟಕದ ಹಬ್ಬಹುಣ್ಣಿಮೆಗಳಲ್ಲಿಯೂ ಈ ಭಯ–ಹಾಸ್ಯಗಳ ಜೋಡಣೆಯನ್ನು ಕಾಣಬಹುದು. ಭಾದ್ರಪದ ಮಾಸದಲ್ಲಿ ಬುಟ್ಟಿಯೊಳಗೆ ಕುಳಿತು ಮನೆಮನೆಗೆ ಬರುವ ಜೋಕುಮಾರನು ಮಕ್ಕಳ ಪಾಲಿಗೆ ಎಂಥ ವಿಚಿತ್ರ ಅತಿಥಿ! ಅಗಲವಾದ ಕಣ್ಣು, ಬಾಯಿತುಂಬ ಬೆಣ್ಣೆ, ಸುತ್ತಲೂ ಬೇವಿನ ಸೊಪ್ಪು, ಹೊತ್ತ ಹೆಂಗಸರ ಬಾಯಲ್ಲಿ ಚೇಷ್ಟೆಯ ಹಾಡು. ಏಳು ದಿನ ನಗಿಸಿದ ಇವನೇ ಹುಣ್ಣಿಮೆಯ ರಾತ್ರಿ ಅಗಸರ ಕೈಯಲ್ಲಿ ಸಾಯುವನೆಂದೂ, ಆ ಬಳಿಕ ಹೊಳೆಯ ದಂಡೆಯಲ್ಲಿ ಅವನ ಅಳು ಕೇಳಿಸುವುದೆಂದೂ ಹೇಳುವರು. ಹಗಲಿನ ನಗೆಗೂ ರಾತ್ರಿಯ ನಡುಕಕ್ಕೂ ಒಂದೇ ಮಣ್ಣಿನ ಗೊಂಬೆಯು ಆಶ್ರಯವಾಗಿರುವುದು.

೪

ಬಾಯಿಮಾತಿನ ಕಥೆಗಳು ಅಚ್ಚಾಗತೊಡಗಿದುದು ಈಚಿನ ಸಂಗತಿ. ಈ ವಿಷಯದಲ್ಲಿ ನಮ್ಮ ಸೀಮೆಗೆ ಸಂಬಂಧಿಸಿದ ಒಂದು ಮುಖ್ಯ ಘಟನೆಯು ಕನ್ನಡದಲ್ಲಿ ಹೆಚ್ಚಾಗಿ ಚರ್ಚಿತವಾಗಬೇಕಾದುದು.

ಮುಂಬಯಿಯ ಗವರ್ನರರಾಗಿದ್ದ ಸರ್ ಬಾರ್ಟಲ್ ಫ್ರಿಯರರು ೧೮೬೫–೬೬ರ ಚಳಿಗಾಲದಲ್ಲಿ ದಕ್ಷಿಣ ಮರಾಠಾ ಸೀಮೆಯಲ್ಲಿ ಸವಾರಿ ಹೊರಟರು. ಜಮಖಂಡಿ, ಮುಧೋಳ, ಸಾಂಗಲಿ ಮೊದಲಾದ ಸಂಸ್ಥಾನಗಳನ್ನೊಳಗೊಂಡ ಪ್ರದೇಶಕ್ಕೆ ಸರಕಾರದವರು ಆಗ ಕೊಟ್ಟಿದ್ದ ಹೆಸರೇ ದಕ್ಷಿಣ ಮರಾಠಾ ಸೀಮೆ. ಕನ್ನಡ ಮನೆಗಳ ಮೇಲೆ ಮರಾಠಿಯ ಹಲಗೆ! ಆ ಬಿಡಾರದಲ್ಲಿ ಗವರ್ನರರ ಮಗಳಾದ ಮೇರಿ ಫ್ರಿಯರಳೂ, ಆಕೆಯ ಆಯಾ ಆಗಿದ್ದ ಅನ್ನಾ ಲಿಬರಾಟಾ ಡಿ’ಸೋಜಾ ಎಂಬ ಮುದುಕಿಯೂ ಇದ್ದರು. ಹೊತ್ತು ಕಳೆಯಲು ಮುದುಕಿಯು ತಾನು ತನ್ನ ಅಜ್ಜಿಯಿಂದ ಕೇಳಿದ್ದ ಕಥೆಗಳನ್ನು ತನಗೆ ಬಂದಷ್ಟು ಇಂಗ್ಲಿಷಿನಲ್ಲಿ ಹೇಳಿದಳು, ಹುಡುಗಿಯು ಬರೆದುಕೊಂಡಳು. ಇವೇ ೧೮೬೮ರಲ್ಲಿ ಲಂಡನ್ನಿನಲ್ಲಿ ‘ಓಲ್ಡ್ ಡೆಕ್ಕನ್ ಡೇಸ್’ ಎಂಬ ಪುಸ್ತಕವಾಗಿ ಪ್ರಕಟವಾದುವು. ಭಾರತದ ಜನಪದ ಕಥೆಗಳನ್ನು ಬಾಯಿಂದ ಕೇಳಿ ಇಂಗ್ಲಿಷಿನಲ್ಲಿ ಸಂಗ್ರಹಿಸಿದ ಪುಸ್ತಕಗಳಲ್ಲಿ ಇದು ತೀರ ಮೊದಲಿನವುಗಳಲ್ಲಿ ಒಂದು. ಅನ್ನಾಳು ತನ್ನ ಪೂರ್ವಿಕರು ಲಿಂಗಾಯತರೆಂದೂ, ಅಜ್ಜನ ಕಾಲದಲ್ಲಿ ಗೋವೆಯ ಕಡೆ ಬಂದು ಕ್ರೈಸ್ತರಾದರೆಂದೂ ತನ್ನ ವೃತ್ತಾಂತದಲ್ಲಿ ಹೇಳಿಕೊಂಡಿರುವಳು. ಕಥೆಗಳು ಅಚ್ಚಕನ್ನಡದವೇ ಎಂದು ಇದರಿಂದ ಸಾಧಿಸಲಾಗದು; ಆದರೆ ದಖ್ಖನಿನ ಅಜ್ಜಿಯರ ಪರಂಪರೆಯಿಂದ ಅವು ಬಂದವೆಂಬುದರಲ್ಲಿ ಸಂದೇಹವಿಲ್ಲ.

ಆ ಸಂಗ್ರಹದಲ್ಲಿಯ ಎರಡು ಕಥೆಗಳು ಇಲ್ಲಿ ಪ್ರಸ್ತುತವಾಗಿವೆ. ಒಂದು, ಕುರುಡ ಕಿವುಡರ ಕಥೆ. ಒಬ್ಬ ಕುರುಡನೂ ಒಬ್ಬ ಕಿವುಡನೂ ಒಂದು ಕತ್ತೆಯೊಡನೆ ರಾಕ್ಷಸನ ಮನೆಯನ್ನು ಹೊಕ್ಕು ಬಾಗಿಲಿಕ್ಕಿಕೊಳ್ಳುವರು. ರಾಕ್ಷಸನು ಬಂದು ಗುಡುಗಿದಾಗ, ಕುರುಡನು ತಾನು ರಾಕ್ಷಸನಿಗೆ ಸರಿಸಮನಾದ ‘ಬಾಕ್ಷಸ’ನೆಂದು ಒಳಗಿನಿಂದಲೇ ಉತ್ತರಿಸುವನು. ಹಾಗಾದರೆ ಮೋರೆಯನ್ನು ತೋರಿಸೆಂದು ರಾಕ್ಷಸನು ಕೇಳುವನು. ಕತ್ತೆಯ ಮೋರೆಯನ್ನು ತೋರಿಸುವರು. ಕೂಗನ್ನು ಕೇಳಿಸೆನ್ನುವನು, ಕತ್ತೆಯ ಕಿವಿಯಲ್ಲಿ ಇರುವೆ ಬಿಡುವರು. ಅದು ಅರಚಿದ ಅಬ್ಬರಕ್ಕೆ ರಾಕ್ಷಸನು ಕಾಲಿಗೆ ಬುದ್ಧಿ ಹೇಳುವನು. ಕುರುಡನಿಗೆ ರಾಕ್ಷಸನು ಕಾಣಿಸುವುದಿಲ್ಲ, ಕಿವುಡನಿಗೆ ಅವನ ಗರ್ಜನೆ ಕೇಳಿಸುವುದಿಲ್ಲ. ಭಯಕ್ಕೆ ಇರುವ ಎರಡು ದಾರಿಗಳೂ ಹೀಗೆ ಅರ್ಧರ್ಧ ಮುಚ್ಚಿಹೋಗಿವೆ. ದುರ್ಬಲತೆಯೇ ಇಲ್ಲಿ ಕವಚವಾಗಿರುವುದು.

ಎರಡನೆಯದು ಕುಂಬಾರನ ಕಥೆ. ಮಳೆಯ ರಾತ್ರಿ ಹುಲಿಯೊಂದು ಗುಡಿಸಲ ಗೋಡೆಗೆ ಒರಗಿ ನಿಂತಿರುವಾಗ, ಒಳಗಿನ ಮುದುಕಿಯು ಮನೆಯ ಸೋರುವಿಕೆಯನ್ನು ಶಪಿಸುತ್ತ, ಹುಲಿಗಿಂತ ಇದೇ ಘೋರವೆನ್ನುವಳು. ಅದೇನು ಮೃಗವೋ ಎಂದು ಹುಲಿಯು ನಡುಗುವುದು. ಕಳೆದ ಕತ್ತೆಯನ್ನು ಹುಡುಕುತ್ತ ಬಂದ ಕುಂಬಾರನು ಕತ್ತಲೆಯಲ್ಲಿ ಹುಲಿಯನ್ನೇ ಕತ್ತೆಯೆಂದು ಬಗೆದು ಬಡಿದು ಮನೆಗೆ ಎಳೆದೊಯ್ಯುವನು. ಇಲ್ಲಿಯ ‘ಸೋರುವಿಕೆ’ಯೇ ಹುಲಿಯ ಗುಮ್ಮ: ರೂಪವಿಲ್ಲದ ಒಂದು ಹೆಸರು. ಮಕ್ಕಳನ್ನು ಗುಮ್ಮನಿಂದ ಹೆದರಿಸುವ ಉಪಾಯವನ್ನೇ ಹುಲಿಯ ಮೇಲೆ ಪ್ರಯೋಗಿಸಿ, ಅದು ಎಷ್ಟು ಬಡಾಯಿಯದೆಂಬುದನ್ನು ಕಥೆಯು ಮಗುವಿಗೆ ಬಿಚ್ಚಿ ತೋರಿಸಿಬಿಡುವುದು. ಮಾಳಿಗೆ ಸೋರುವ ಮನೆಯಲ್ಲಿ ಮಲಗಿ ಈ ಕಥೆಯನ್ನು ಕೇಳುವ ಬಡವರ ಮಗುವಿಗೆ ಇನ್ನೊಂದು ಅರ್ಥವೂ ಹೊಳೆಯದಿರದು.

೫

ಫ್ರಿಯರಳ ತರುವಾಯ ಈ ಸೀಮೆಯಲ್ಲಿ ಸಂಗ್ರಹಕಾರ್ಯವು ಬೇರೊಂದು ದಾರಿಯನ್ನು ಹಿಡಿಯಿತು. ಶಾಸನಪಂಡಿತರಾದ ಫ್ಲೀಟರು ೧೮೮೫ರಿಂದ ಮುಂದೆ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಕನ್ನಡ ಲಾವಣಿಗಳನ್ನು ಪ್ರಕಟಿಸಿದರು. ಮುಧೋಳ ಸೀಮೆಯ ಹಲಗಲಿಯ ಬೇಡರು ೧೮೫೭ರಲ್ಲಿ ನಿಃಶಸ್ತ್ರೀಕರಣವನ್ನು ಪ್ರತಿಭಟಿಸಿ ಎದ್ದ ಕಥೆಯು ಅವುಗಳಲ್ಲಿ ಸೇರಿ ಉಳಿದುಬಂದಿತು. ಅದಕ್ಕಾಗಿ ನಾವು ಅವರಿಗೆ ಕೃತಜ್ಞರು. ಆದರೆ ಊರ ಚಾವಡಿಯಲ್ಲಿ ಗಂಡಸರು ಹಾಡುವುದನ್ನು ಬರೆದುಕೊಂಡ ಪಂಡಿತರ ಕಿವಿಗೆ, ಅಡುಗೆಮನೆಯ ಬಾಗಿಲಲ್ಲಿ ಹೆಂಗಸರು ಮಕ್ಕಳಿಗೆ ಹೇಳುವುದು ಸುಲಭವಾಗಿ ಬೀಳುವಂತಿರಲಿಲ್ಲ. ಅದಕ್ಕೆ ಮೇರಿ ಫ್ರಿಯರಳಂಥ ಹೆಣ್ಣುಮಗಳೇ ಬೇಕಾದಳು.

ಹೆಂಗಸರ ವಾಙ್ಮಯಕ್ಕೆ ಕನ್ನಡದಲ್ಲಿ ಗೌರವವು ಬಂದುದು ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರಿಂದ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಕೂಡಿ ೧೯೩೧ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದರು. ಅದೇ ಕಾಲಕ್ಕೆ ಮಕ್ಕಳಿಗಾಗಿಯೇ ಬರೆಯುವ ಕಾರ್ಯವು ಇತರ ಕಡೆಗಳಲ್ಲಿ ಪ್ರಬಲವಾಗಿದ್ದಿತು. ಮಂಗಳೂರಿನಲ್ಲಿ ಪಂಜೆ ಮಂಗೇಶರಾಯರು ಮಕ್ಕಳ ಕಥೆ, ಪದ್ಯಗಳಿಗೆ ಸಾಹಿತ್ಯದ ಪದವಿಯನ್ನು ತಂದುಕೊಟ್ಟರು; ೧೯೩೪ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವು ಅವರಿಗೆ ಸಂದಿತು. ಜಿ. ಪಿ. ರಾಜರತ್ನಂ ಅವರು ಮಕ್ಕಳ ನಾಲಗೆಗೆ ಹೊಂದುವ ಪದ್ಯಗಳನ್ನು ರಚಿ��ಿದರು. ೧೮೪೨ರಲ್ಲಿ ಬ್ರೌನಿಂಗ್ ಕವಿಯು ಪ್ರಕಟಿಸಿದ ಜರ್ಮನಿಯ ಐತಿಹ್ಯವನ್ನು ಕುವೆಂಪು ಅವರು ತುಂಗಾತೀರಕ್ಕೆ ತಂದು ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಬರೆದರು. ಇಲಿಗಳ ದಂಡು ನಗೆಯನ್ನೂ, ಮಕ್ಕಳನ್ನೆಲ್ಲ ಕರೆದೊಯ್ಯುವ ಜೋಗಿಯು ಮೈನವಿರನ್ನೂ ಉಂಟುಮಾಡುವ ಆ ಕೃತಿಯು ಭಯ–ಹಾಸ್ಯಗಳ ಬೆಸುಗೆಗೆ ಹೊಸಗನ್ನಡದ ಉತ್ತಮ ನಿದರ್ಶನ.

ಬಂಗಾಳದಲ್ಲಿ ಈ ಬಗೆಯು ಇನ್ನೂ ಮುಂಚೆಯೇ ಹುಲುಸಾಗಿ ಬೆಳೆದಿದ್ದಿತು. ಲಾಲ್ ಬಿಹಾರಿ ದೇ ಅವರು ೧೮೮೩ರ ತಮ್ಮ ಸಂಗ್ರಹದಲ್ಲಿ, ಕನ್ನಡಿಯಲ್ಲಿ ತನ್ನ ಮುಖವನ್ನೇ ಕಂಡು ಹೆದರಿ ಕ್ಷೌರಿಕನ ಊಳಿಗ ಮಾಡಿದ ದೆವ್ವದ ಕಥೆಯನ್ನು ಕೊಟ್ಟರು. ದಕ್ಷಿಣಾರಂಜನ ಮಿತ್ರ ಮಜುಮ್ದಾರರ ‘ಠಾಕುರ್‌ಮಾರ್ ಝುಲಿ’ಯು ೧೯೦೭ರಲ್ಲಿ ರವೀಂದ್ರರ ಮುನ್ನುಡಿಯೊಡನೆ ಬಂದಿತು. ಉಪೇಂದ್ರಕಿಶೋರರು ೧೯೧೫ರಲ್ಲಿ ದೆವ್ವಗಳ ವರದಿಂದ ಗಾಯಕರಾದ ಗೂಪಿ ಬಾಘಾ ಇಬ್ಬರ ಕಥೆಯನ್ನು ಬರೆದರು. ಅಲ್ಲಿ ದೆವ್ವವು ಶಿಶುಸಾಹಿತ್ಯದ ಗೌರವಸ್ಥ ಪಾತ್ರವಾಯಿತು. ನಮ್ಮಲ್ಲಿಯಾದರೋ ಶಾಲೆಯ ಪಾಠಪುಸ್ತಕಗಳ ಒಲವು ನೀತಿಕಥೆಯ ಕಡೆಗೆ ಹೆಚ್ಚಾದುದರಿಂದ ದೆವ್ವವು ಬಹುಮಟ್ಟಿಗೆ ಬಾಗಿಲ ಹೊರಗೆಯೇ ನಿಂತಿತು.

ನಮ್ಮ ಸೀಮೆಯಲ್ಲಿ ಸೇರಿದ ಎರಡು ಸಾಹಿತ್ಯ ಸಮ್ಮೇಲನಗಳು ಈ ಸಂದರ್ಭದಲ್ಲಿ ನೆನಪಿಗೆ ಬರುತ್ತವೆ. ೧೯೩೭ರಲ್ಲಿ ಜಮಖಂಡಿಯ ಸಮ್ಮೇಲನಕ್ಕೆ ಅಧ್ಯಕ್ಷರಾದವರು ಬೆಳ್ಳಾವೆ ವೆಂಕಟನಾರಣಪ್ಪನವರು. ಭೌತವಿಜ್ಞಾನದ ಅಧ್ಯಾಪಕರು, ‘ವಿಜ್ಞಾನ’ ಪತ್ರಿಕೆಯ ಸಂಪಾದಕರು. ೧೯೯೫ರಲ್ಲಿ ಮುಧೋಳದ ಸಮ್ಮೇಲನಕ್ಕೆ ಅಧ್ಯಕ್ಷರಾದವರು ಎಚ್. ಎಲ್. ನಾಗೇಗೌಡರು; ಜಾನಪದಲೋಕದ ಸ್ಥಾಪಕರು. ವಿಜ್ಞಾನಿಯಿಂದ ಜಾನಪದ ಸಂಗ್ರಾಹಕನ ವರೆಗೆ ಐವತ್ತೆಂಟು ವರ್ಷಗಳು. ದೆವ್ವವನ್ನು ನಂಬಬೇಡವೆನ್ನುವವನೂ ದೆವ್ವದ ಕಥೆಯನ್ನು ಕಳೆಯಬೇಡವೆನ್ನುವವನೂ ಪರಸ್ಪರ ವಿರೋಧಿಗಳಲ್ಲವೆಂಬುದನ್ನು ಮುಂದೆ ಹೇಳುವೆವು.

೬

ಕನ್ನಡದಲ್ಲಿ ಈ ವರ್ಗದ ಕಥೆಗಳನ್ನು ಅತ್ಯಂತ ಸೂಕ್ಷ್ಮವಾಗಿ ಕಂಡವರು ಎ. ಕೆ. ರಾಮಾನುಜನ್. ೧೯೫೦ರ ದಶಕದಲ್ಲಿ ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದಾಗ ಅವರು ಆ ಕಡೆಯ ಕಥೆಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದರು. ಅವರ ಸಂಗ್ರಹದಲ್ಲಿ, ಗೊತ್ತಿದ್ದ ಕಥೆಯನ್ನೂ ಹಾಡನ್ನೂ ಯಾರಿಗೂ ಹೇಳದೆ ಇಟ್ಟುಕೊಂಡ ಹೆಂಗಸಿನ ಕಥೆಯೊಂದಿದೆ. ಉಸಿರು ಕಟ್ಟಿದ ಕಥೆಯು ಒಂದು ದಿನ ಜೋಡು ಕೆರವಾಗಿ ಬಾಗಿಲಲ್ಲಿ ಕೂಡುವುದು. ಹಾಡು ಅಂಗಿಯಾಗಿ ಗೂಟಕ್ಕೆ ತೂಗುವುದು. ಯಾವ ಪರಪುರುಷನ ವಸ್ತುಗಳಿವೆಂದು ಸಂಶಯಗೊಂಡ ಗಂಡನು ಜಗಳವಾಡಿ ಹನುಮಪ್ಪನ ಗುಡಿಗೆ ಹೋಗಿ ಮಲಗುವನು. ಅಲ್ಲಿ ಊರ ಮನೆಗಳಲ್ಲಿ ಆರಿಸಿದ ದೀಪಗಳ ಕುಡಿಗಳೆಲ್ಲ ರಾತ್ರಿ ಕೂಡಿ ಹರಟೆಹೊಡೆಯುತ್ತಿರುವುವು. ತಡವಾಗಿ ಬಂದ ಒಂದು ಕುಡಿಯಿಂದ ಅವನಿಗೆ ನಿಜವು ತಿಳಿಯುವುದು. ಆ ಹೊತ್ತಿಗೆ ಹೆಂಗಸು ತನ್ನ ಕಥೆಯನ್ನೂ ಹಾಡನ್ನೂ ಮರೆತೇ ಬಿಟ್ಟಿರುವಳು. ಹೇಳದ ಕಥೆಯೇ ಪಿಶಾಚಿಯಾಗುವುದೆಂಬ ಈ ಕಲ್ಪನೆಯು ನಮ್ಮ ವಿಷಯಕ್ಕೆ ಅತ್ಯಂತ ಸಮೀಪದ್ದು. ಆರಿದ ದೀಪಗಳ ಸಭೆಯು ಮೈಜುಮ್ಮೆನ್ನಿಸುವಂಥದು. ಆದರೆ ಅವು ಆಡುವುದು ಮಾತ್ರ ಊರ ಹೆಂಗಸರು ಬಾವಿಕಟ್ಟೆಯಲ್ಲಿ ಆಡುವ ಮಾತೇ.

ಇನ್ನೊಂದು ಕಥೆಯಲ್ಲಿ ಮಣ್ಣಿನ ಅತ್ತೆಯ ಮೂರ್ತಿಯನ್ನು ಬಿಡದೆ ಹೊತ್ತು ತಿರುಗುವ ಸೊಸೆಯು ಕಾಡಿನಲ್ಲಿ ಮರವೇರಿ ಕುಳಿತಿರುವಾಗ, ಕೆಳಗೆ ಕಳ್ಳರು ಹಣವನ್ನು ಹಂಚಿಕೊಳ್ಳುವರು. ಮೂರ್ತಿಯು ಕೈಜಾರಿ ಬೀಳಲು, ಕಳ್ಳರು ಕಂಗೆಟ್ಟು ಓಡುವರು. ಕೊಟ್ಟ ಕೆಲಸವು ಮುಗಿದರೆ ನಿನ್ನನ್ನೇ ತಿನ್ನುವೆನೆಂಬ ಬ್ರಹ್ಮರಾಕ್ಷಸನಿಗೆ ಗುಂಗುರು ಕೂದಲೊಂದನ್ನು ಕೊಟ್ಟು ನೆಟ್ಟಗೆ ಮಾಡೆಂದು ಸೋಲಿಸಿದ ಹೆಂಗಸಿನ ಕಥೆಯನ್ನೂ ಬಹುಜನರು ಬಲ್ಲರು. ಈಚಿನ ಕಾಲದಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದು ದೆವ್ವವನ್ನು ತಿರುಗಿಸುತ್ತಿದ್ದ ವಾಡಿಕೆಯು ಇದೇ ಜಾತಿಯದು. ಓದಬಲ್ಲ, ಓದಿದ್ದನ್ನು ನಂಬುವ, ಪ್ರತಿದಿನವೂ ಬಂದು ಅದೇ ಅಕ್ಷರಗಳನ್ನು ಓದಿ ಹಿಂದಿರುಗುವ ಆ ಬಡಪಾಯಿ ದೆವ್ವದ ಮೇಲೆ ಯಾರಿಗೆ ಕನಿಕರವು ಹುಟ್ಟದು? ಈ ಎಲ್ಲ ಕಥೆಗಳಲ್ಲಿಯೂ ಗೆಲ್ಲುವ ಆಯುಧಗಳು ಯಾವುವು? ಕತ್ತೆ, ಕೂದಲು, ಮಣ್ಣಿನ ಗೊಂಬೆ, ಎರಡು ಮಾತು ಬರಹ. ಮಂತ್ರವಿಲ್ಲ, ಕತ್ತಿಯಿಲ್ಲ. ಮನೆಯಲ್ಲಿರುವ ವಸ್ತುವಿನಿಂದ, ಮನೆಯಲ್ಲಿರುವವರ ಬುದ್ಧಿಯಿಂದ ದೆವ್ವವು ಸೋಲುವುದು.

೭

ಇನ್ನು ಆಕ್ಷೇಪದ ವಿಚಾರ. ಮಕ್ಕಳಿಗೆ ದೆವ್ವದ ಕಥೆಗಳನ್ನು ಹೇಳಬಾರದೆಂಬ ಮಾತು ಬಹಳ ಹಳೆಯದು. ವೇಷಮರೆಸಿ ರಾತ್ರಿಯಲ್ಲಿ ಅಲೆಯುವ ದೇವತೆಗಳ ಕಥೆಗಳಿಂದ ತಾಯಂದಿರು ಮಕ್ಕಳನ್ನು ಹೆದರಿಸಕೂಡದೆಂದು ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದಲ್ಲಿ ವಿಧಿಸಿದ್ದಾನೆ. ೧೬೯೩ರಲ್ಲಿ ಲಾಕ್ ಎಂಬ ಇಂಗ್ಲಿಷ್ ತತ್ತ್ವಜ್ಞನು, ಆಳುಕಾಳುಗಳು ಹೇಳುವ ಭೂತಗಳ ಮಾತಿನಿಂದ ಮಗುವಿನ ಮನಸ್ಸಿನಲ್ಲಿ ಕತ್ತಲೆಯ ಭಯವು ಜನ್ಮಪರ್ಯಂತ ನಿಲ್ಲುವುದೆಂದು ಎಚ್ಚರಿಸಿದನು. ಇವರ ಮಾತು ಉಪೇಕ್ಷಣೀಯವಲ್ಲ.

ಆದರೆ ಇಬ್ಬರೂ ಆಕ್ಷೇಪಿಸಿದುದು ಬೆದರಿಕೆಯನ್ನು. ನಾವು ವಿಚಾರಿಸುತ್ತಿರುವುದು ಕಥೆಯನ್ನು. ಇವೆರಡರ ಭೇದವು ಸ್ಪಷ್ಟವಾಗಿರುವುದು. ಬೆದರಿಕೆಯಲ್ಲಿ ಗುಮ್ಮನು ಎಂದಿಗೂ ಬರುವುದಿಲ್ಲ. ಬಾರದುದರಿಂದಲೇ ಅವನು ಸೋಲುವುದೂ ಇಲ್ಲ. ಅವನ ಬಲವೆಲ್ಲ ಹೆದರಿಸುವ ದೊಡ್ಡವರ ಕೈಯಲ್ಲಿ ಉಳಿಯುವುದು. ಕಥೆಯಲ್ಲಿ ಗುಮ್ಮನು ಬರಲೇಬೇಕು, ಬಂದವನು ಮಾತಾಡಲೇಬೇಕು, ಮಾತಾಡಿದವನು ಮೋಸಹೋಗಲೇಬೇಕು. ಆಗ ಬಲವು ಮಗುವಿನ ಕೈಗೆ ಬರುವುದು. ಬೆದರಿಕೆಯು ಭಯವನ್ನು ಮಗುವಿನಲ್ಲಿ ನೆಡುತ್ತದೆ. ಕಥೆಯು ಅದನ್ನು ಕಿತ್ತು ದೆವ್ವದ ತಲೆಗೆ ಕಟ್ಟುತ್ತದೆ. ಆದಕಾರಣ ದೆವ್ವವು ಸುಳ್ಳೆಂದು ಕಲಿಸುವ ವಿಜ್ಞಾನದ ಉಪಾಧ್ಯಾಯನಿಗೂ, ದೆವ್ವವು ಪೆಚ್ಚೆಂದು ತೋರಿಸುವ ಅಜ್ಜಿಗೂ ಗುರಿಯು ಒಂದೇ.

ಬೆದರಿಕೆಯ ಕೆಡುಕು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಈಚಿನ ದಾರುಣ ಸಾಕ್ಷ್ಯವೊಂದುಂಟು. ನಮ್ಮ ಊರುಗಳಲ್ಲಿ ಗುಮ್ಮನ ಹೆಸರಿನೊಡನೆ ಜೋಳಿಗೆಯವನ ಹೆಸರನ್ನೂ ಹೇಳಿ ಹೆದರಿಸುವ ವಾಡಿಕೆಯಿದೆ. ನಸುಕಿನಲ್ಲಿ ಬರುವ ಬುಡಬುಡಿಕೆಯವನು, ಕಣ್ಕಟ್ಟು ತೋರಿಸುವ ಸುಡುಗಾಡಸಿದ್ಧನು, ಚಾವಟಿಯಿಂದ ಮೈಹೊಡೆದುಕೊಳ್ಳುವ ದುರುಗಮುರಗಿಯವನು, ಇವರು ಮಕ್ಕಳನ್ನು ಜೋಳಿಗೆಯಲ್ಲಿ ಹಾಕಿಕೊಂಡು ಹೋಗುವರೆಂಬ ಮಾತನ್ನು ಎಷ್ಟೋ ತಲೆಮಾರುಗಳು ಕೇಳಿ ಬೆಳೆದಿವೆ. ಇವರು ಕಲ್ಪಿತ ಗುಮ್ಮಗಳಲ್ಲ. ಅಲೆದು ಹೊಟ್ಟೆಹೊರೆಯುವ ಮನುಷ್ಯರು. ೨೦೧೮ರ ಜುಲೈ ೧ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರಾಯಿನಪಾಡಾ ಎಂಬಲ್ಲಿ, ಮಕ್ಕಳ ಕಳ್ಳರೆಂಬ ಸುಳ್ಳುಸುದ್ದಿಯನ್ನು ನಂಬಿದ ಜನರ ಗುಂಪು ನಾಥಪಂಥಿ ಡವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದ ಐವರನ್ನು ಹೊಡೆದು ಕೊಂದಿತು. ಅದೇ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯ ಬಳಿ ಅಂಥದೇ ಸುದ್ದಿಯಿಂದ ಹೈದರಾಬಾದಿನ ಯುವಕನೊಬ್ಬನು ಹತನಾದನು. ಸುದ್ದಿಯನ್ನು ಹರಡಿದುದು ಕೈಯೊಳಗಿನ ಮೊಬೈಲ್ ಫೋನು. ಆದರೆ ಅದನ್ನು ನಂಬಲು ಮನಸ್ಸನ್ನು ಹದಮಾಡಿದುದರಲ್ಲಿ ಹಳೆಯ ಬೆದರಿಕೆಯ ಪಾಲೂ ಇದ್ದಿತೆಂಬ ಶಂಕೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ಗುಮ್ಮನು ಗುಮ್ಮನಾಗಿಯೇ ಇರಲಿ. ಅವನಿಗೆ ನೆರೆಯ ಬಡವನ ಮುಖವನ್ನು ತೊಡಿಸಬಾರದು. ಮಕ್ಕಳಿಗೆ ಕಥೆ ಹೇಳುವ ಪ್ರತಿಯೊಬ್ಬರೂ ಮರೆಯಬಾರದ ವಿವೇಕವಿದು.

೮

ಕಡೆಯದಾಗಿ, ಈ ಕಥೆಗಳ ಉಳಿವಿನ ಮಾತು. ರಬಕವಿ–ಬನಹಟ್ಟಿಗಳು ನೇಕಾರರ ಊರುಗಳು. ಕುಣಿಮಗ್ಗದ ಕಾಲದಲ್ಲಿ ನೂಲು ತೋಡುವುದು, ಕಂಡಿಕೆ ಸುತ್ತುವುದು ಮನೆಯ ಹೆಂಗಸರ ಹಾಗೂ ಮುದುಕರ ಕೆಲಸವಾಗಿದ್ದಿತು. ಕೈಗೆ ಕೆಲಸವಿದ್ದು ಬಾಯಿಗೆ ಬಿಡುವಿರುವ ಇಂಥ ಕಸಬು ಕಥೆಗೆ ಬಹಳ ಅನುಕೂಲವಾದುದು. ವಿದ್ಯುತ್ ಮಗ್ಗಗಳು ಬಂದ ಮೇಲೆ ಅವುಗಳ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳಿಸದು, ಕಥೆಯ ಪಾಡೇನು? ಬೀಳಗಿ ತಾಲೂಕಿನ ಎಷ್ಟೋ ಹಳ್ಳಿಗಳು ಆಲಮಟ್ಟಿ ಜಲಾಶಯದ ಹಿನ್ನೀರಿಗೆ ನೆಲವನ್ನು ಬಿಟ್ಟುಕೊಟ್ಟು ಹೊಸ ಸ್ಥಳಗಳಿಗೆ ಹೋದುವು. ದೆವ್ವದ ಕಥೆಗೆ ವಿಳಾಸವು ಬೇಕು: ಇಂಥ ಹುಣಿಸೆಯ ಮರ, ಇಂಥ ಹಾಳುಬಾವಿ, ಇಂಥ ಹಳ್ಳದ ತಿರುವು. ಜನರಿಗೆ ಪುನರ್ವಸತಿಯು ದೊರೆಯಿತು. ನೀರಿನಲ್ಲಿ ಮುಳುಗಿದ ಹುಣಿಸೆಯ ಮರದ ದೆವ್ವಕ್ಕೆ ಯಾರು ನಿವೇಶನವನ್ನು ಕೊಡುವರು? ಈ ಮಾತು ನಗೆಯದಾಗಿ ಕಂಡರೂ, ಮರದೊಡನೆ ಅದರ ಕಥೆಯೂ ಮುಳುಗುವುದೆಂಬುದು ನಗೆಯ ಸಂಗತಿಯಲ್ಲ.

ಆದುದರಿಂದ ಈ ನಾಲ್ಕು ತಾಲೂಕುಗಳ ಭಾಷಾಶಿಕ್ಷಕರಲ್ಲಿ ನಮ್ಮದೊಂದು ವಿಜ್ಞಾಪನೆಯಿದೆ. ಪ್ರತಿಯೊಂದು ತರಗತಿಯ ಮಕ್ಕಳಿಂದ ಅವರವರ ಮನೆಯ ಹಿರಿಯರು ಹೇಳುವ ದೆವ್ವದ ಕಥೆಯೊಂದನ್ನು, ಆಡಿದ ಮಾತಿನಲ್ಲಿಯೇ, ತಿದ್ದದೆ ಬರೆಯಿಸಬೇಕು. ಹೇಳಿದವರ ವಯಸ್ಸು, ಕಸಬು, ಕಥೆಯು ನಡೆದ ಸ್ಥಳ, ಹೇಳುವಾಗ ಧ್ವನಿಯನ್ನು ತಗ್ಗಿಸಿದ ಏರಿಸಿದ ಎಡೆಗಳು, ಮಗುವು ‘ಹೂಂ’ಗುಟ್ಟಬೇಕಾದ ಸ್ಥಳಗಳು, ಇವನ್ನೂ ಗುರುತಿಸಬೇಕು. ದೆವ್ವವು ಯಾವ ಉಪಾಯದಿಂದ ಸೋತಿತೆಂಬುದನ್ನು ಪ್ರತ್ಯೇಕವಾಗಿ ಬರೆದಿಟ್ಟರೆ, ಹತ್ತು ವರ್ಷಗಳಲ್ಲಿ ಈ ಸೀಮೆಯ ಜನರ ಜಾಣತನದ ಒಂದು ಕೋಶವೇ ಸಿದ್ಧವಾಗುವುದು. ರನ್ನನ ಮರುಳು ತಾಳೆಯೋಲೆಯನ್ನು ಸೇರಿದುದರಿಂದ ಉಳಿಯಿತು. ಅನ್ನಾ ಮುದುಕಿಯ ರಾಕ್ಷಸನು ಪರಭಾಷೆಯಲ್ಲಿಯಾದರೂ ಅಚ್ಚಾದುದರಿಂದ ಉಳಿದನು. ಮಿಕ್ಕವರು ಇನ್ನೂ ಮುದುಕಿಯರ ಬಾಯಲ್ಲಿ ಇದ್ದಾರೆ. ಅವರನ್ನು ನಾಳೆ ಬಾ ಎಂದು ತಿರುಗಿಸಿ ಕಳುಹಿಸುವುದು ತರವಲ್ಲ.